ಒಲೆ ಮೇಲಿನ ಅಟ್ಟದಲ್ಲಿ ಒಂದು ಲೆನ್ಸು

ಆ ವರ್ಷಗಳನ್ನು ನೆನೆಸಿಕೊಂಡರೆ ನನಗೆ ಮೊದಲು ನೆನಪಾಗುವುದು ಕಾಲುನೋವು. ಬೆಳಗೋಡಿನ ಆಚೆ ಒಂದು ಕಾಫಿ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಮನೆಯಲ್ಲಿ ಮೂರೇ ಜನ: ನಾನು, ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ನೋಡುವ ರೈಟರ್ ಆಗಿದ್ದ ನನ್ನ ಗಂಡ, ಮತ್ತು ಅತ್ತೆ. ನಾನು ಟೀಚರ್. ಶಾಲೆ ಇದ್ದದ್ದು ಗುಡ್ಡ ಇಳಿದು, ಗದ್ದೆ ಬಯಲು ದಾಟಿ, ಮತ್ತೊಂದು ಗುಡ್ಡ ಹತ್ತಿದ ಮೇಲೆ. ಹೋಗುವಾಗ ಬರೀ ಇಳಿಜಾರು, ಬರುವಾಗ ಬರೀ ಏರು ಇದ್ದಿದ್ದರೆ ಒಂದು ಹೊತ್ತಾದರೂ ಸುಖವಿರುತ್ತಿತ್ತು. ನಮ್ಮ ದಾರಿಯಲ್ಲಿ ಎರಡು ಹೊತ್ತೂ ಎರಡೂ ಇತ್ತು. ಸಂಜೆ ಬಂದು ಚಪ್ಪಲಿ ಬಿಟ್ಟರೆ ಬಾಯಿ ತೆರೆಯಲೂ ಬೇಸರ. ಸರಿಯಾಗಿ ಆ ಹೊತ್ತಿಗೇ ಇವರು ಲೆನ್ಸಿನ ಮಾತು ತೆಗೆಯುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸಕಲೇಶಪುರದ ಒಂದು ಸ್ಟುಡಿಯೋದಲ್ಲಿ ಇವರು ಯಾರೋ ಬಳಸಿಬಿಟ್ಟ ಕ್ಯಾಮೆರಾ ಒಂದನ್ನು ಕೊಂಡಿದ್ದರು. ರೋಲ್ ಹಾಕುವ ಕ್ಯಾಮೆರಾ, ಲೆನ್ಸು ಬಿಚ್ಚಿ ಬೇರೆ ಲೆನ್ಸು ಹಾಕಬಹುದಾದದ್ದು. ಅದರ ಜೊತೆ ಒಂದು ಗಿಡ್ಡ ಲೆನ್ಸು ಬಂದಿತ್ತು, ಮೂತಿಯ ಸುತ್ತ ಐವತ್ತು ಎಂಎಂ ಎಂದು ಬರೆದಿತ್ತು. ಕಣ್ಣಿಗೆ ಎಷ್ಟು ಕಾಣುತ್ತದೋ ಸುಮಾರು ಅಷ್ಟೇ ಅದಕ್ಕೂ ಕಾಣುತ್ತದೆ, ಹೊಸದಾಗಿ ಕಲಿಯುವವರಿಗೆ ಇದೇ ಸರಿ ಎಂದು ಸ್ಟುಡಿಯೋದವರು ಹೇಳಿ ಕೊಟ್ಟಿದ್ದರಂತೆ. ಮೂರು ರೋಲ್ ಮುಗಿಯುವುದರೊಳಗೆ ಇವರಿಗೆ ಕಣ್ಣಿಗೆ ಕಾಣುವಷ್ಟು ಸಾಲದಾಯಿತು.

ಕಾರಣ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ. ಎಸ್ಟೇಟಿನ ಸ್ಟೋರ್ ಹಿಂದೆ ಒಂದು ದೊಡ್ಡ ಗೋಣಿ ಮರ. ಹಣ್ಣು ಬಿಟ್ಟಾಗ ಮಂಗಟ್ಟೆಗಳು ಬಂದು ಇಡೀ ಬೆಳಗ್ಗೆ ಗಲಾಟೆ ಮಾಡಿ ಹೋಗುತ್ತಿದ್ದವು. ಇವರು ಹಾಜರಿ ಕರೆದು ಆಳುಗಳನ್ನು ಕೆಲಸಕ್ಕೆ ಕಳಿಸಿ, ಆ ಮರದ ಕೆಳಗೆ ಕತ್ತು ನೋಯಿಸಿಕೊಂಡು ನಿಂತು ಫೋಟೋ ತೆಗೆದರು. ತೊಳೆಸಿ ತಂದಾಗ ನೋಡಿದರೆ ಮರ ಇತ್ತು, ಆಕಾಶ ಇತ್ತು, ಹಕ್ಕಿ ಮಾತ್ರ ಸೊಳ್ಳೆಯಷ್ಟಿತ್ತು. ಯಾರಿಗಾದರೂ ತೋರಿಸುವಾಗ ಹುಡುಕಲು ಕಷ್ಟವಾಗದಿರಲಿ ಎಂದು ಇವರು ಬಾಲ್‌ಪೆನ್ನಿನಲ್ಲಿ ಅದರ ಸುತ್ತ ಒಂದು ಸೊನ್ನೆ ಸುತ್ತಿ ಇಟ್ಟಿದ್ದರು. ನಾನು ನಕ್ಕಿದ್ದು ಇವರಿಗೆ ಹಿಡಿಸಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ರೈಟರ್ ಕೆಲಸ ಎಂದರೆ ತೋಟದ ಸಾಹುಕಾರರಿಂದ ಬೈಸಿಕೊಂಡು ಆಳುಗಳನ್ನು ಬೈಯುವ ಕೆಲಸ. ಇವರಿಗೆ ಬೈಸಿಕೊಳ್ಳುವುದು ಬರುತ್ತಿತ್ತು, ಬೈಯಲು ಬರುತ್ತಿರಲಿಲ್ಲ. ಎರಡೂ ಕಡೆಯ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಕ್ಯಾಮೆರಾ ಬಂದ ಮೇಲೆ ಮುಖದಲ್ಲಿ ಸ್ವಲ್ಪ ಗೆಲುವು ಕಾಣುತ್ತಿತ್ತು. ಅದನ್ನು ಕೆಡಿಸುವ ಮನಸ್ಸು ನನಗೆ ಖಂಡಿತ ಇರಲಿಲ್ಲ.

ಆದರೆ ನನಗೆ ಬೇಕಾಗಿದ್ದು ಫ್ಲಾಶ್ ಲೈಟು. ಸರಿಯಾಗಿ ಹೇಳಬೇಕೆಂದರೆ ಬೇಕಾಗಿದ್ದದ್ದು ಅತ್ತೆಗೆ.

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಎಲ್ಲರೂ ಇದ್ದಾರೆ. ಇವರ ದೊಡ್ಡಮ್ಮಂದಿರು, ಅವರ ಮೊಮ್ಮಕ್ಕಳು, ಮಂಗಳೂರಿಂದ ಬಂದಿದ್ದ ಲಾರಿ ಡ್ರೈವರ್ ಸಮೇತ. ಹುಡುಗನನ್ನು ಹೆತ್ತ ತಾಯಿ ಮಾತ್ರ ಒಂದರಲ್ಲೂ ಇಲ್ಲ. ಮಾವ ಹೋಗಿ ಆಗಲೇ ಹತ್ತು ವರ್ಷವಾಗಿತ್ತು. ಗಂಡ ಇಲ್ಲದವರು ಧಾರೆಯ ಹೊತ್ತಿಗೆ ಎದುರಿಗೆ ಬರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಫೋಟೋಕ್ಕೆ ಬನ್ನಿ ಎಂದು ಕರೆಯುವ ಹೊತ್ತಿಗೆ ಅತ್ತೆ ತಾವಾಗಿಯೇ ಅಡುಗೆಯವರ ಹತ್ತಿರ ಹೋಗಿ ಸಾರಿಗೆ ಉಪ್ಪು ಸರಿಯಾಯಿತಾ ಎಂದು ನೋಡುತ್ತಿದ್ದರು. ಎಲ್ಲ ಮದುವೆಗಳಲ್ಲೂ ಹೀಗೆಯೇ. ಹೀಗಾಗಿ ಅರವತ್ತು ದಾಟಿದ ಅವರದ್ದು ಎಂದು ಒಂದೇ ಒಂದು ಫೋಟೋ ಇರಲಿಲ್ಲ.

ಕ್ಯಾಮೆರಾ ಬಂದು ಎರಡು ತಿಂಗಳಾದ ಮೇಲೆ, ಒಂದು ಭಾನುವಾರ ನಾನು ಅಕ್ಕಿ ಆರಿಸುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು. ಗೋಡೆಯ ಮೇಲೆ ಮಾವನ ಫೋಟೋ ಇತ್ತು, ಎಸ್ಟೇಟಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದನ್ನು ನೋಡುತ್ತಲೇ ಕೇಳಿದರು.

"ಅವರ ಪಕ್ಕಕ್ಕೆ ನಂದೊಂದು ಇದ್ರೆ ಚೆನ್ನಾಗಿರ್ತದೆ ಅಲ್ವೇನವ್ವ?"

ನಾನು ಅಕ್ಕಿ ಬಿಟ್ಟು ಅವರ ಮುಖ ನೋಡಿದೆ. ನಾನು ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಅವರು ನನ್ನ ಹತ್ತಿರ ತಮಗಾಗಿ ಏನನ್ನೂ ಕೇಳಿರಲಿಲ್ಲ. ಈಗಲೇ ಹೊರಗೆ ಅಂಗಳದಲ್ಲಿ ಕೂರಿಸಿ ತೆಗೆಸುತ್ತೇನೆ ಎಂದೆ. ಅದಕ್ಕೆ ಒಪ್ಪಲಿಲ್ಲ. ಆಳುಗಳ ಲೈನ್ ಮನೆಯ ಹೆಂಗಸರು ಓಡಾಡುವ ದಾರಿ, ನೋಡಿದವರು ಮುದುಕಿಗೆ ಈಗ ಶೋಕಿ ಎನ್ನುತ್ತಾರೆ, ತೆಗೆದರೆ ಅಡುಗೆಮನೆಯೊಳಗೇ ತೆಗೆಯಬೇಕು ಎಂದರು. ಇನ್ನೊಂದು ಕರಾರನ್ನೂ ಹಾಕಿದರು. ಕೇಳಿದ್ದು ತಾನು ಎಂದು ಮಗನಿಗೆ ಗೊತ್ತಾಗಬಾರದು. ನೀನೇ ಹೇಳಿದ ಹಾಗೆ ಹೇಳು ಎಂದರು. ನಾನು ಮಾತು ಕೊಟ್ಟೆ.

ನಮ್ಮ ಅಡುಗೆಮನೆಗೆ ಇದ್ದದ್ದು ಒಂದು ಸಣ್ಣ ಕಿಟಕಿ. ಅದರಾಚೆ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಮರದ ನೆರಳು. ಸೌದೆ ಒಲೆ ಉರಿಸಿ ಉರಿಸಿ ಗೋಡೆ, ಜಂತೆ, ಹೆಂಚು ಎಲ್ಲ ಕರಿ ಹಿಡಿದಿತ್ತು. ಕಾರಣ ಹೇಳದೆ ಒಮ್ಮೆ ಇವರ ಕೈಯಲ್ಲಿ ಒಲೆಯ ಫೋಟೋ ಒಂದನ್ನು ತೆಗೆಸಿ ನೋಡಿದೆ. ಬೆಂಕಿ ಬಿಟ್ಟು ಬೇರೇನೂ ಬಂದಿರಲಿಲ್ಲ. ಆವಾಗಲೇ ನಾನು ಫ್ಲಾಶ್ ಬೇಕೇ ಬೇಕು ಎಂದು ತೀರ್ಮಾನ ಮಾಡಿದ್ದು.

ಆ ಸಲದ ಕಾಫಿ ಕೆಲಸ ಮುಗಿದು ಇವರಿಗೆ ಬೋನಸ್ ಬಂದಾಗ ಇಬ್ಬರೂ ಸಕಲೇಶಪುರಕ್ಕೆ ಹೋದೆವು. ಲೆನ್ಸು, ಫ್ಲಾಶ್ ಎರಡನ್ನೂ ಕೊಳ್ಳುವ ಶಕ್ತಿ ನಮಗಿರಲಿಲ್ಲ, ಒಂದನ್ನು ಆರಿಸಬೇಕಿತ್ತು. ಸ್ಟುಡಿಯೋದವರು ವಯಸ್ಸಾದವರು, ಮಾತು ಕಡಿಮೆ. ಗಾಜಿನ ಮೇಜಿನ ಮೇಲೆ ಒಂದು ಉದ್ದನೆಯ ಜೂಮ್ ಲೆನ್ಸು ಇಟ್ಟರು. ಪಕ್ಕದಲ್ಲಿ ಒಂದು ಫ್ಲಾಶ್ ಇಟ್ಟರು. ಏನು ತೆಗೆಯುತ್ತೀರಿ, ಅದನ್ನು ಮೊದಲು ಹೇಳಿ, ಆಮೇಲೆ ಸಾಮಾನು ಆರಿಸೋಣ ಎಂದರು. ಇವರು ಹಕ್ಕಿ ಎಂದರು. ನಾನು ಮನೆಯೊಳಗಿನ ಫೋಟೋ ಎಂದೆ. ಅವರು ನಮ್ಮಿಬ್ಬರ ಮುಖವನ್ನೂ ನೋಡಿ, ಇಂಥ ಗಿರಾಕಿಗಳು ಬರುವುದು ಇದೇ ಮೊದಲಲ್ಲ ಎನ್ನುವ ಹಾಗೆ ತಲೆಯಾಡಿಸಿದರು.

ಅವರು ಇವರಿಗೆ ಹೇಳಿದ್ದು ಸರಿಯಾಗಿಯೇ ಇತ್ತು. ಈ ಜೂಮ್ ದೂರದ್ದನ್ನು ಹತ್ತಿರ ತರುತ್ತದೆ ನಿಜ, ಆದರೆ ಇದರೊಳಗೆ ಹೋಗುವ ಬೆಳಕು ಕಡಿಮೆ. ಬಯಲುಸೀಮೆಯ ಬಿಸಿಲಿಗೆ ಇದು ಸರಿ. ಕಾಫಿ ತೋಟದ ನೆರಳಿನಲ್ಲಿ ಚಿತ್ರ ಅಲುಗಾಡಿದ ಹಾಗೆ ಬರುತ್ತದೆ. ಫ್ಲಾಶ್ ತೆಗೆದುಕೊಂಡರೆ ಮನೆಯಲ್ಲೂ ಆಗುತ್ತದೆ, ನಾಮಕರಣ ಸೀಮಂತಕ್ಕೂ ಯಾರಾದರೂ ಕರೆಯುತ್ತಾರೆ. ಇಷ್ಟು ಹೇಳಿ ಅವರು ತಪ್ಪೊಂದು ಮಾಡಿದರು. ಜೂಮನ್ನು ಕ್ಯಾಮೆರಾಕ್ಕೆ ಹಾಕಿ ಇವರ ಕೈಗೆ ಕೊಟ್ಟರು.

ಇವರು ಬಾಗಿಲಿಗೆ ಹೋಗಿ ಕಣ್ಣಿಗಿಟ್ಟುಕೊಂಡರು. ರಸ್ತೆಯಾಚೆ, ಜನ ತಳ್ಳಾಡಿಕೊಂಡು ಹತ್ತುತ್ತಿದ್ದ ಬಸ್ಸಿನ ಬೋರ್ಡನ್ನು ನಿಂತಲ್ಲೇ ಓದಿದರು. ಮಗ್ಗೆ ಊರಿನ ಬಸ್ಸು ಎಂದರು. ಆಮೇಲೆ ಕಿಟಕಿ ಪಕ್ಕ ಕೂತ ಹೆಂಗಸಿನ ಕಿವಿಯ ಓಲೆ ಕಾಣುತ್ತದೆ ಎಂದರು. ಆ ಓಲೆ ನನ್ನ ಕಿವಿಯಲ್ಲಿದ್ದರೆ ಇಷ್ಟು ಕಾಣುತ್ತಿತ್ತೋ ಇಲ್ಲವೋ ಎಂದು ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಇವರ ಮುಖ ನೋಡಿದಾಗಲೇ ಆಟ ಮುಗಿಯಿತು ಎಂದು ಗೊತ್ತಾಯಿತು. ಆದರೂ ಒಂದು ಸಲ ಹೇಳಿದೆ.

"ಫ್ಲಾಶ್ ತಗಳಿ. ಅಡುಗೆಮನೇಲಿ ಒಂದು ಫೋಟೋ ಬೇಕು ನಂಗೆ."

"ಅಡುಗೆಮನೇಲಿ ಏನೈತೆ ತೆಗಿಯಾಕೆ? ಮಸಿ ಫೋಟೋ ತೆಗೀಲಾ?"

ನಿಮ್ಮ ಅವ್ವನಿಗೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಗೆ ಕೊಟ್ಟ ಮಾತಿಗಾಗಿ ನುಂಗಿಕೊಂಡೆ. ಬಸ್ಸಿನಲ್ಲಿ ಇವರು ಲೆನ್ಸನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಾ ಬಂದೆ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಮಗನ ಕೈಯಲ್ಲಿದ್ದ ಉದ್ದನೆಯ ಸಾಮಾನು ನೋಡಿ, ಅದು ಫ್ಲಾಶ್ ಅಲ್ಲ ಎಂದು ನನ್ನ ಮುಖದಿಂದ ತಿಳಿದುಕೊಂಡರು. ಇರಲಿ ಬಿಡು, ಅವನಿಗೆ ಬೇಕಾದ್ದು ಬಂತಲ್ಲ ಎಂದು ನನಗಷ್ಟೇ ಕೇಳುವ ಹಾಗೆ ಹೇಳಿ ಕಾಫಿಗೆ ನೀರಿಡಲು ಹೋದರು.

ಸ್ಟುಡಿಯೋದವರು ಹೇಳಿದ ಹಾಗೆಯೇ ಆಯಿತು. ಗೋಣಿ ಮರದ ಮಂಗಟ್ಟೆ ಈಗ ಸೊಳ್ಳೆಯಷ್ಟಿರಲಿಲ್ಲ, ಕೋಳಿಯಷ್ಟು ದೊಡ್ಡದಾಗಿ, ಅಷ್ಟೇ ಅಸ್ಪಷ್ಟವಾಗಿ ಬಂತು. ಒಂದೇ ಒಂದು ಫೋಟೋ ಚೆನ್ನಾಗಿ ಬಂದಿತ್ತು. ದೋಣಿಗಲ್ ಹತ್ತಿರ, ಸುಡುವ ಬಿಸಿಲಿನಲ್ಲಿ, ಗೂಡ್ಸ್ ರೈಲೊಂದು ತಿರುವಿನಲ್ಲಿ ಬರುತ್ತಿರುವುದು. ಅದನ್ನು ಇವರು ಆರು ಜನಕ್ಕೆ ತೋರಿಸಿದರು. ಏಳನೆಯವರು ಸಾಹುಕಾರರು. ಅವರು ನೋಡಿ, ರೈಟ್ರಿಗೆ ಕೆಲಸ ಕಡಿಮೆಯಾದ ಹಾಗಿದೆ ಎಂದರು.

ಅದೇ ಕಾರಣವೋ ಏನೋ, ಜೂನ್ ತಿಂಗಳಲ್ಲಿ ದೋಣಿಗಲ್ ಕಡೆಯ ಅವರ ಇನ್ನೊಂದು ಎಸ್ಟೇಟಿನ ರೈಟರ್ ಕಾಲು ಮುರಿದುಕೊಂಡಾಗ ಸಾಹುಕಾರರು ಇವರನ್ನು ಅಲ್ಲಿಗೆ ಕಳಿಸಿದರು. ಮಳೆಗಾಲ ಮುಗಿಯುವವರೆಗೆ ಅಲ್ಲೇ ಇರಬೇಕು, ಆಗಾಗ ಭಾನುವಾರ ಮನೆಗೆ ಬರಬಹುದು. ಇವರು ಕ್ಯಾಮೆರಾವನ್ನೂ ಗಿಡ್ಡ ಲೆನ್ಸನ್ನೂ ಜೊತೆಗೆ ಒಯ್ದರು. ಮೋಡದ ಬೆಳಕಿನಲ್ಲಿ ಜೂಮಿಗೆ ಕೆಲಸವಿಲ್ಲ ಎಂದು ಅದನ್ನು ಚರ್ಮದ ಚೀಲದ ಸಮೇತ ಟ್ರಂಕಿನಲ್ಲಿಟ್ಟರು. ನಮ್ಮ ಕಡೆಯ ಮಳೆಯಲ್ಲಿ ಲೆನ್ಸಿನ ಒಳಗೆ ಬೂಷ್ಟು ಬೆಳೆಯುತ್ತದೆ, ಬಲ್ಬು ಉರಿಯುವ ಪೆಟ್ಟಿಗೆಯಲ್ಲಿಡಿ ಎಂದು ಸ್ಟುಡಿಯೋದವರು ಹೇಳಿದ್ದರು. ಜುಲೈನಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಬಲ್ಬಿನ ಮಾತು ಯಾಕೆ? ವಾರಕ್ಕೊಂದು ಸಲ ಹೊರಗೆ ತೆಗೆದು, ಒರೆಸಿ, ಗಾಳಿಯಾಡಲು ಇಡು ಎಂದು ನನಗೆ ಹೇಳಿ ಹೋದರು. ಹೂಂ ಎಂದಿದ್ದೆ.

ಮೊದಲ ವಾರ ತೆಗೆದೆ. ಎರಡನೇ ವಾರವೂ ತೆಗೆದೆ. ಆಮೇಲೆ ಶಾಲೆಯಲ್ಲಿ ಇನ್ನೊಬ್ಬ ಟೀಚರ್ ಹೆರಿಗೆ ರಜೆಗೆ ಹೋಗಿ ನಾಲ್ಕು ತರಗತಿಗೂ ನಾನೊಬ್ಬಳೇ ಆದೆ. ಗದ್ದೆ ಬಯಲಿನ ಕಾಲುಸಂಕದ ಮೇಲೆ ನೀರು ಹರಿದು ಸುತ್ತಿ ಬಳಸಿ ಬರಬೇಕಾಗಿತ್ತು. ಒದ್ದೆ ಸೀರೆ ಬಿಚ್ಚಿ ಒಲೆಯ ಮುಂದೆ ಕೂತರೆ ಏಳಲು ಆಗುತ್ತಿರಲಿಲ್ಲ. ಲೆನ್ಸು ನೆನಪಾಗುತ್ತಿತ್ತು, ನಾಳೆ ನೋಡೋಣ ಅನಿಸುತ್ತಿತ್ತು. ಮೂರು ವಾರ, ನಾಲ್ಕು ವಾರ ಹೋಯಿತು.

ಒಂದು ದಿನ ಸಂಜೆ ಬಂದಾಗ ಅತ್ತೆ ಒಲೆಯ ಮೇಲಿನ ಅಟ್ಟದ ಕಡೆ ಕೈ ತೋರಿಸಿದರು. ಕಂಬಳಿ ತೆಗೆಯಲು ಟ್ರಂಕು ತೆರೆದರಂತೆ. ಲೆನ್ಸಿನ ಚೀಲದ ತುಂಬಾ ಹಸಿರು ಬೂಷ್ಟು. ಚೀಲವನ್ನು ತೆಗೆದುಹಾಕಿ, ಲೆನ್ಸನ್ನು ಹಳೆಯ ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ, ಬಿತ್ತನೆ ಬೀಜದ ಗಂಟು, ಒಣಮೀನಿನ ಡಬ್ಬಿ, ಏಲಕ್ಕಿ ಎಲ್ಲ ಇದ್ದ ಕಡೆ ಇಟ್ಟಿದ್ದರು. ನಮ್ಮ ಕಡೆ ಮಳೆಗಾಲ ದಾಟಿಸಬೇಕಾದ್ದನ್ನೆಲ್ಲ ಇಡುವುದು ಅಲ್ಲೇ. ಕೆಳಗೆ ಒಲೆ ಉರಿಯುತ್ತಿರುತ್ತದೆ, ಹೊಗೆಗೆ ಬೂಷ್ಟೂ ಬರುವುದಿಲ್ಲ, ಹುಳವೂ ಬರುವುದಿಲ್ಲ. ನನ್ನ ತವರಿನಲ್ಲೂ ಹಾಗೆಯೇ. ನಾಲ್ಕನೇ ತರಗತಿಗೆ ವಿಜ್ಞಾನ ಹೇಳಿಕೊಡುವ ನಾನು ಅದನ್ನು ನೋಡಿ, ಒಳ್ಳೆ ಕೆಲಸ ಮಾಡಿದಿರಿ ಅತ್ತೆ ಎಂದೆ. ಒಂದು ಕೆಲಸ ಕಡಿಮೆಯಾಯಿತು ಎಂದು ನಿಜವಾಗಿಯೂ ಸಮಾಧಾನವಾಯಿತು.

ಗೌರಿ ಹಬ್ಬದ ಹೊತ್ತಿಗೆ ಇವರು ವಾಪಸ್ ಬಂದರು. ಮಧ್ಯಾಹ್ನ ಬಿಸಿಲು ಬಿದ್ದಿತ್ತು, ಗೋಣಿ ಮರದಲ್ಲಿ ಹಕ್ಕಿ ಬಂದಿದ್ದವು. ಲೆನ್ಸೆಲ್ಲಿ ಎಂದು ಕೇಳಿದರು. ಅಟ್ಟದ ಮೇಲೆ ಎಂದೆ, ಸ್ವಲ್ಪ ಜಂಬದಿಂದಲೇ. ಇವರು ಸ್ಟೂಲು ಹತ್ತಿ ಗಂಟು ಇಳಿಸಿಕೊಂಡು ಬಿಚ್ಚಿದರು. ಗಾಜಿನ ಮೇಲೆ ಚಹಾದ ಬಣ್ಣದ ಪೊರೆ ಕಟ್ಟಿತ್ತು. ಒರೆಸಿದರೆ ಹೊರಗಿನದು ಅಂಟಂಟಾಗಿ ಬಂತು, ಒಳಗಿನದು ಹಾಗೆಯೇ ಉಳಿಯಿತು. ಜೂಮ್ ಮಾಡಲು ಎಳೆದರೆ ಅಲುಗಲಿಲ್ಲ. ಎರಡು ತಿಂಗಳ ಬಿಸಿಗೆ ಒಳಗಿನ ಜಿಡ್ಡು ಕರಗಿ ಎಲ್ಲ ಕಡೆ ಹರಿದಿದೆ, ಬಿಚ್ಚಿ ಸರಿಮಾಡುವ ಬದಲು ಇನ್ನೊಂದು ಕೊಳ್ಳುವುದು ಸುಲಭ ಎಂದು ಆಮೇಲೆ ಸ್ಟುಡಿಯೋದವರು ಹೇಳಿದರು. ಅವತ್ತು ನಮಗೆ ಅಷ್ಟೆಲ್ಲ ಗೊತ್ತಾಗಲಿಲ್ಲ. ಲೆನ್ಸಿನಿಂದ ಒಣಮೀನಿನ ವಾಸನೆ ಬರುತ್ತಿತ್ತು, ಅದೊಂದೇ ಸಾಕಾಗಿತ್ತು.

"ಯಾರು ಇಟ್ಟಿದ್ದು ಇಲ್ಲಿ?"

ಅತ್ತೆ ಕೆಳಗೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಅವರ ಕೈ ನಿಂತಿತು. ಮುಖ ನೋಡಲು ನನಗೆ ಆಗಲಿಲ್ಲ. ವಾರಕ್ಕೊಂದು ಸಲ ನಾನು ಅದನ್ನು ತೆಗೆದಿಟ್ಟಿದ್ದರೆ ಅವರು ಟ್ರಂಕಿನಲ್ಲಿ ಬೂಷ್ಟು ನೋಡುತ್ತಲೇ ಇರಲಿಲ್ಲ ಎಂದು ಆ ಒಂದು ಕ್ಷಣದಲ್ಲಿ ಹೊಳೆಯಿತು.

"ನಾನೇ," ಎಂದೆ.

ಇವರು ಕೂಗಾಡಲಿಲ್ಲ. ಲೆನ್ಸು ಸುತ್ತಿದ್ದ ಬಟ್ಟೆಯ ತುಂಡನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಮಡಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಮಸಿ ಹಿಡಿದ ಬಟ್ಟೆಯನ್ನು ಯಾಕೆ ಜೇಬಿಗೆ ಹಾಕಿಕೊಂಡರು ಎಂದು ನಾನು ಆಗ ಯೋಚಿಸಲಿಲ್ಲ. ತಪ್ಪು ಹೊತ್ತುಕೊಂಡ ಗಡಿಬಿಡಿಯಲ್ಲಿದ್ದೆ.

ಅವತ್ತಿನಿಂದ ಶುರುವಾಯಿತು. ಮಾತು ಬಿಟ್ಟರು ಎನ್ನಲಾಗದು, ಉಪ್ಪು ಕೊಡು, ಛತ್ರಿ ಎಲ್ಲಿ ಎನ್ನುವಷ್ಟು ಇತ್ತು. ಬಂದವರ ಎದುರಿಗೆ ಮಾತ್ರ ಬಾಯಿ ಬರುತ್ತಿತ್ತು. ಯಾರೇ ಮನೆಗೆ ಬರಲಿ, ನಾವೇ ಯಾರ ಮನೆಗೇ ಹೋಗಲಿ, ಊಟ ಮುಗಿಯುವುದರೊಳಗೆ ಈ ಕಥೆ. ನಮ್ಮ ಟೀಚ್ರು ಲೆನ್ಸನ್ನು ಒಣಮೀನಿನ ಪಕ್ಕ ಇಟ್ಟಿದ್ದರು, ಸೈನ್ಸ್ ಬೇರೆ ಹೇಳಿಕೊಡುತ್ತಾರೆ. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಗದಿದ್ದರೆ ಇನ್ನೂ ಕೆಡುತ್ತದೆ ಎಂದು. ಆಲೂರಿನಲ್ಲಿ ನನ್ನ ಅಣ್ಣನ ಮನೆಯ ಪೂಜೆಯಲ್ಲಿ, ನನ್ನ ತವರಿನವರೆಲ್ಲರ ನಡುವೆ ಹೇಳಿದಾಗ ಮಾತ್ರ ಎದ್ದು ಹೋಗಿ ಬಚ್ಚಲಮನೆಯಲ್ಲಿ ಮುಖ ತೊಳೆದುಕೊಂಡು ಬಂದೆ. ಅವಮಾನಕ್ಕಿಂತ ಹೆಚ್ಚಾಗಿ ಸಾಕುಸಾಕಾಗಿತ್ತು.

ಅತ್ತೆ ಈ ಕಥೆ ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದರು. ಒಂದು ಸಲ, ಹೇಳಿಬಿಡುತ್ತೀನಿ ಅವನಿಗೆ ಎಂದು ನನ್ನ ಹತ್ತಿರ ಬಂದಿದ್ದರು. ಬೇಡ ಎಂದೆ. ಹೇಳಿ ಏನು ಮಾಡುವುದು, ಇನ್ನು ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದೆ. ಆದರೆ ನಾನು ಮತ್ತೆ ಫೋಟೋದ ಮಾತು ಎತ್ತಿದಾಗ ಅವರು ಒಪ್ಪಲಿಲ್ಲ.

"ಬ್ಯಾಡ ಕಣವ್ವ. ನನ್ ಕೈ ತಾಗಿದ್ದು ಒಂದಾದ್ರೂ ನೆಟ್ಟಗಾಗೈತಾ? ಅದ್ಕೇ ಅಲ್ವಾ ಎಲ್ರೂ ನನ್ನ ದೂರ ಇಡೋದು."

ಇಷ್ಟು ವರ್ಷ ಅವರು ಮದುವೆಮನೆಗಳಲ್ಲಿ ಸಾರಿನ ಉಪ್ಪು ನೋಡಲು ಹೋಗುತ್ತಿದ್ದದ್ದನ್ನು ನಾನು ಒಂದು ರೂಢಿ ಎಂದುಕೊಂಡಿದ್ದೆ. ಅವರು ಅದನ್ನು ನಂಬಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಆ ಹಾಳು ಲೆನ್ಸು ಅವರ ನಂಬಿಕೆಗೆ ಇನ್ನೊಂದು ಸಾಕ್ಷಿಯಾಗಿ ಕೂತಿತ್ತು. ಈ ಫೋಟೋ ಈಗ ಆಗದಿದ್ದರೆ ಯಾವತ್ತೂ ಆಗುವುದಿಲ್ಲ ಎಂದು ಆವತ್ತು ಅನಿಸಿತು. ಗೋಡೆಯ ಮೇಲೆ ಮಾವ ಒಬ್ಬರೇ ಉಳಿಯುತ್ತಾರೆ ಎನಿಸಿತು.

ಮಾರ್ಚ್‌ನಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದ್ದ ವಾರ, ಶಾಲೆಗೆ ರಜೆ ಹಾಕಿ ನಾನೊಬ್ಬಳೇ ಸಕಲೇಶಪುರಕ್ಕೆ ಹೋದೆ. ನನ್ನ ಸಂಬಳದಲ್ಲಿ ಫ್ಲಾಶ್ ಕೊಳ್ಳಲು. ಇವರನ್ನು ಕೇಳಲಿಲ್ಲ.

ಸ್ಟುಡಿಯೋದವರು ನನ್ನನ್ನು ಗುರುತಿಸಿದರು. ಮೂರು ಫ್ಲಾಶ್ ತೆಗೆದಿಟ್ಟರು. ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ತಲೆ ತಿರುಗುವುದಿಲ್ಲ. ಇನ್ನೊಂದು ಮದುವೆ ಫೋಟೋದವರು ಹಿಡಿಕೆ ಹಿಡಿದು ಎತ್ತುವಂಥದ್ದು, ಅದರ ಬ್ಯಾಟರಿಯೇ ಒಂದು ಕೈಚೀಲದಷ್ಟಿತ್ತು. ಮೂರನೆಯದು ನಡುಗಾತ್ರದ್ದು, ನಾಲ್ಕು ಪೆನ್ಸಿಲ್ ಸೆಲ್ಲು, ತಲೆಯನ್ನು ಮೇಲಕ್ಕೆ ತಿರುಗಿಸಬಹುದು. ಬೆಳಕನ್ನು ನೇರ ಮುಖಕ್ಕೆ ಹೊಡೆಯದೆ ಸೂರಿಗೆ ಹೊಡೆದರೆ ಅದು ಮೆತ್ತಗಾಗಿ ಕೆಳಗಿಳಿಯುತ್ತದೆ, ಮುಖ ಸುಣ್ಣ ಬಳಿದ ಹಾಗೆ ಕಾಣುವುದಿಲ್ಲ ಎಂದು ವಿವರಿಸಿದರು.

ನಮ್ಮದು ಹೆಂಚಿನ ಮಾಡು, ಮೂವತ್ತು ವರ್ಷದ ಹೊಗೆ ಕುಡಿದು ಕರ್ರಗಾಗಿದೆ ಎಂದೆ. ಬಾಗಿಲಿನಿಂದ ಒಲೆಯ ಪಕ್ಕದ ಮಣೆಗೆ ಎಂಟು ಅಡಿ, ಹಗ್ಗ ಹಿಡಿದು ಅಳೆದಿದ್ದೀನಿ ಎಂದೆ. ಅವರು ಮೊದಲ ಸಲ ನಕ್ಕರು. ಹಾಗಾದರೆ ಸೂರಿಗೆ ಹೊಡೆದ ಬೆಳಕು ವಾಪಸ್ ಬರುವುದಿಲ್ಲ ಎಂದು, ಅಂಗಿ ಡಬ್ಬಿಯ ಬಿಳಿ ರಟ್ಟೊಂದನ್ನು ಅಂಗೈಯಗಲ ಕತ್ತರಿಸಿ, ಫ್ಲಾಶಿನ ತಲೆಯ ಹಿಂದೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ತೋರಿಸಿದರು. ಬೆಳಕು ಆ ರಟ್ಟಿಗೆ ಬಡಿದು ಮುಂದಕ್ಕೆ ಬರುತ್ತದಂತೆ. ಎಂಟಡಿಗೆ ಇದು ಧಾರಾಳ, ಲೆನ್ಸು ನಿಮ್ಮ ಗಿಡ್ಡದೇ ಸಾಕು ಎಂದರು. ಹಿಂದಿನ ವರ್ಷವೂ ಆ ಗಿಡ್ಡ ಲೆನ್ಸೇ ಸಾಕಾಗಿತ್ತು ಎಂದು ಯೋಚಿಸುತ್ತಾ ಬಸ್ ಹತ್ತಿದೆ.

ಯುಗಾದಿಯ ಮರುದಿನ ಬೆಳಗ್ಗೆ ಫ್ಲಾಶನ್ನು ಇವರ ಮುಂದಿಟ್ಟು, ಅತ್ತೆಯದೊಂದು ಫೋಟೋ ತೆಗೆಯಿರಿ, ಅಡುಗೆಮನೆಯಲ್ಲಿ ಎಂದೆ. ಇವರು ಫ್ಲಾಶನ್ನು ತಿರುಗಿಸಿ ನೋಡಿದರು, ರಟ್ಟನ್ನು ನೋಡಿದರು, ಕ್ಯಾಮೆರಾ ತಂದರು. ಅತ್ತೆ ಬೇಡವೆಂದರು. ನಾನು ತಂದಿದ್ದು ಅತ್ತೆ, ನನಗೋಸ್ಕರ ಕೂತುಕೊಳ್ಳಿ ಎಂದೆ. ಅವರು ಒಳಗೆ ಹೋಗಿ, ತಿಳಿ ನೀಲಿ ಸೀರೆ ಉಟ್ಟು, ತಲೆ ಬಾಚಿ ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂತರು. ಇವರು ಒಲೆಯ ಈಚೆ ಮೊಣಕಾಲೂರಿದರು. ನಾನು ಬಾಗಿಲಲ್ಲಿ ನಿಂತೆ.

ಫ್ಲಾಶಿನ ಗುಂಡಿ ಒತ್ತಿದರೆ ಅದು ಸಣ್ಣಗೆ ಕುಯ್ ಎನ್ನುತ್ತಾ ಬೆಳಕು ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಹಿಂದುಗಡೆ ಒಂದು ಕೆಂಪು ದೀಪ ಹತ್ತುತ್ತದೆ, ಅಲ್ಲಿಯವರೆಗೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಅತ್ತೆ ಮಾತಾಡಿದರು.

"ಮಗ, ಅಟ್ಟಕ್ಕೆ ಇಟ್ಟೋಳು ನಾನು ಕಣೋ. ಅವಳಲ್ಲ. ಫೋಟೋ ಬೇಕು ಅಂತ ಹೋದ್ವರ್ಷ ಕೇಳ್ದೋಳೂ ನಾನೇ. ಸುಳ್ಳು ಇಟ್ಕಂಡು ನಿನ್ ಮುಂದೆ ಕೂರಕ್ಕಾಗಲ್ಲ ನಂಗೆ."

ಇವರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಅಟ್ಟದ್ದು ಗೊತ್ತಿತ್ತು ಬುಡವ್ವ. ನಿನ್ ಸೀರೇಲೇ ಸುತ್ತಿತ್ತಲ್ಲ."

ಕಂದು ಬಣ್ಣದ ಗೀಟಿನ ಬಟ್ಟೆ. ಅಂಥ ಸೀರೆ ನಾನು ಉಟ್ಟವಳೇ ಅಲ್ಲ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡಿದ್ದು ಈಗ ಅರ್ಥವಾಯಿತು. ಗೌರಿ ಹಬ್ಬದಿಂದ ಯುಗಾದಿಯವರೆಗೆ, ಅಷ್ಟೂ ಊಟದ ಪಂಕ್ತಿಗಳಲ್ಲಿ, ನನ್ನ ಅಣ್ಣನ ಮನೆಯಲ್ಲಿ, ಇವರಿಗೆ ಗೊತ್ತಿತ್ತು.

ಕೆಂಪು ದೀಪ ಹತ್ತಿತು. ಇವರು ಒತ್ತಲಿಲ್ಲ. ಅವ್ವ ಒಂದು ಫೋಟೋ ಕೇಳಿದ್ದಳು ಎನ್ನುವುದು ಮಾತ್ರ ಇವರಿಗೆ ಗೊತ್ತಿರಲಿಲ್ಲ, ಅದು ಆಗ ತಲೆಗೆ ಹತ್ತುತ್ತಿತ್ತು ಎಂದು ಕಾಣುತ್ತದೆ. ದೀಪ ಹತ್ತಿದೆ, ತೆಗೆಯಿರಿ ಎಂದು ನಾನೇ ಹೇಳಬೇಕಾಯಿತು. ನನ್ನ ದನಿ ಕೇಳಿ ಅತ್ತೆ ಈ ಕಡೆ ತಿರುಗಿದರು. ಬೆಳಕು ಹೊಡೆಯಿತು. ರೋಲಿನಲ್ಲಿ ಅದೇ ಕೊನೆಯದು.

ಅವತ್ತು ಮಧ್ಯಾಹ್ನ, ಕಾಫಿ ಒಣಗಿಸುವ ಕಣದಲ್ಲಿ ಇವರೊಬ್ಬರೇ ಇದ್ದಾಗ ಹೋಗಿ ಕೇಳಿದೆ. ಗೊತ್ತಿದ್ದೂ ಯಾಕೆ ಎಂದೆ, ಅಷ್ಟೇ. ಇವರು ಕಾಲಿನಿಂದ ಒಣಗಿದ ಎಲೆ ಸರಿಸಿದರು.

"ಅವ್ವನ ಮೇಲೆ ಸಿಟ್ಟು ಮಾಡ್ಕಳಕ್ಕೆ ಆಯ್ತದಾ? ಯಾರ ಮೇಲಾದ್ರೂ ಮಾಡ್ಕಬೇಕಿತ್ತು. ನೀನೇ ಮುಂದೆ ಬಂದು ನಿಂತೆ."

ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ನಿಜ ಹೇಳಿದರು. ಸಾಹುಕಾರರ ಬೈಗುಳವನ್ನು ಇಳಿಸಲು ಜಾಗವಿಲ್ಲದ ಮನುಷ್ಯನಿಗೆ ಒಂದು ಜಾಗ ಸಿಕ್ಕಿತ್ತು, ಅದು ನಾನಾಗಿದ್ದೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಲ್ಲಾದರೂ ಕೂತುಕೊಳ್ಳಬೇಕು ಅನಿಸಿತು. ಕಣದ ಕಟ್ಟೆಯ ಮೇಲೆ ಕೂತೆ. ಇವರು ಪಕ್ಕದಲ್ಲಿ ಬಂದು ಕೂತರು, ಎದ್ದು ಹೋಗು ಎನ್ನುವಷ್ಟೂ ತ್ರಾಣವಿರಲಿಲ್ಲ. ಆಮೇಲೆ ಆ ಕಥೆಯನ್ನು ಇವರು ಯಾರ ಮನೆಯಲ್ಲೂ ಹೇಳಲಿಲ್ಲ. ಕ್ಷಮಿಸು ಎಂದೂ ಹೇಳಲಿಲ್ಲ.

ಅತ್ತೆ ಅದಾದ ಮೇಲೆ ಒಂಬತ್ತು ವರ್ಷ ಇದ್ದರು. ಆ ಫೋಟೋ ಅವರಿರುವಾಗಲೇ ಮಾವನ ಪಕ್ಕದಲ್ಲಿ ಗೋಡೆಗೆ ಬಂತು, ಇವತ್ತಿಗೂ ಅಲ್ಲೇ ಇದೆ. ಬೆಳಕು ಚೆನ್ನಾಗಿ ಬಿದ್ದಿದೆ, ಕೆನ್ನೆಯ ಸುಕ್ಕು, ಸೀರೆಯ ನೀಲಿ, ಹಿಂದಿನ ಗೋಡೆಯ ಮಸಿ ಎಲ್ಲ ಕಾಣುತ್ತದೆ. ಮಾವ ನೇರ ಎದುರಿಗೆ ನೋಡುತ್ತಿದ್ದಾರೆ. ಅತ್ತೆ ಪಕ್ಕಕ್ಕೆ, ಬಾಗಿಲಿನ ಕಡೆ ನೋಡುತ್ತಿದ್ದಾರೆ. ಬಂದವರು ಯಾಕೆ ಹೀಗೆ ಎಂದು ಕೇಳಿದರೆ, ಫ್ಲಾಶಿಗೆ ಹೆದರಿ ತಿರುಗಿದ್ದು ಎಂದು ಇವರು ಹೇಳುತ್ತಾರೆ. ಬಾಗಿಲಲ್ಲಿ ಯಾರು ನಿಂತಿದ್ದರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.